ಅಂಬಾಜಿದುರ್ಗದ ಚಿರತೆ ಮತ್ತು ಜಾನ್ ಬೀಯ ಚಂದ್ರಿಕೆ

ಶಿಡ್ಲಘಟ್ಟದ ಸುತ್ತಮುತ್ತಲ ರಸ್ತೆಗಳಲ್ಲಿ ಒಂದು ಹಳೆಯ ಟೆಂಪೋ ಓಡಾಡುತ್ತದೆ. ಅದರ ಬೆನ್ನ ಮೇಲೆ ‘ಕಲಂದರ್ – ಚಂದ್ರಿಕೆಗಳು ಬಾಡಿಗೆಗೆ ದೊರೆಯುತ್ತವೆ’ ಎಂದು ದಪ್ಪಕ್ಷರದಲ್ಲಿ ಬರೆದಿದೆ. ಕೆಳಗೊಂದು ಮೊಬೈಲ್ ನಂಬರು. ಗಾಡಿಯ ತುಂಬ ಬಿದಿರಿನ ಚಂದ್ರಿಕೆಗಳ ರಾಶಿ, ರಾಶಿಯ ಪಕ್ಕದಿಂದ ಕರುವಿನ ಗಾತ್ರದ ಒಂದು ನಾಯಿ ತಲೆ ಚಾಚಿ, ಪುರಸಭೆಯ ಕೆಲಸ ಪರಿಶೀಲಿಸಲು ಬಂದ ಅಧಿಕಾರಿಯಂತೆ ಊರು ನೋಡಿಕೊಂಡು ಹೋಗುತ್ತಿರುತ್ತದೆ. ಒಂದು ತಿಂಗಳು ಕಪ್ಪು ನಾಯಿ, ಇನ್ನೊಂದು ತಿಂಗಳು ಜೋಲುಕಿವಿಯದು. ಇದನ್ನೆಲ್ಲ ನೋಡಿ ಈ ಬರಹಗಾರ ಬಹಳ ಕಾಲ ನಂಬಿಕೊಂಡಿದ್ದು ಹೀಗೆ: ಕಲಂದರ್ ಎಂಬಾತ ಜಾತಿನಾಯಿಗಳನ್ನು ಸಾಕಿ ಪಳಗಿಸುವ ಗಟ್ಟಿಗ, ಎಂಟೆದೆಯವನು. ಒಂದು ದಿನ ಟೀ ಅಂಗಡಿಯಲ್ಲಿ ಆತ ಸಿಕ್ಕಾಗ, ಮೂಕಪ್ರಾಣಿಗಳ ಸೇವೆಯ ಕುರಿತು ಒಂದು ಪುಟ್ಟ ಭಾಷಣವನ್ನೂ ಮಾಡಿದ್ದಾಯಿತು. ಕಲಂದರ್ ಕೊನೆಯವರೆಗೂ ಕೇಳಿದ. ಟೀ ಲೋಟ ಕೆಳಗಿಟ್ಟ.

“ಸಾರ್, ನಂಗೆ ನಾಯಿ ಅಂದ್ರೆ ಕೈಕಾಲು ನಡುಗ್ತವೆ. ಅವೆಲ್ಲ ನಮ್ಮನೆಯವಳದ್ದು. ನಾನು ಬರೀ ಡ್ರೈವರು.”

ಆ ‘ಮನೆಯವಳು’ ಜಾನ್ ಬೀ. ಐವತ್ತು ದಾಟಿದ, ಕುಳ್ಳಗೆ ಗಟ್ಟಿಮುಟ್ಟಾದ ಹೆಂಗಸು. ಟೆಂಪೋದಲ್ಲಿ ಗಂಡನ ಪಕ್ಕದ ಸೀಟಿನಲ್ಲಿ ಕೂತು, ಎಡಕ್ಕೆ ಬಲಕ್ಕೆ ಎಂದು ಹೇಳುತ್ತಾ ಹೋಗುವವಳು ಆಕೆಯೇ. ಗಾಡಿಯ ಮೇಲೆ ಹೆಸರು ಗಂಡನದು, ಗಾಡಿ ಹೋಗುವ ದಿಕ್ಕು ಹೆಂಡತಿಯದು.

ರೇಷ್ಮೆಯ ಸೀಮೆಯವರಿಗೆ ಚಂದ್ರಿಕೆ ಎಂದರೇನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ಹುಳು ಹಗಲೂ ರಾತ್ರಿ ಹಿಪ್ಪುನೇರಳೆ ಸೊಪ್ಪು ತಿಂದು ತಿಂದು, ಒಂದು ದಿನ ಇದ್ದಕ್ಕಿದ್ದಂತೆ ಊಟ ಬಿಟ್ಟು, ಮೈ ಹೊಳಪೇರಿ, ತಲೆಯೆತ್ತಿಕೊಂಡು ನೂಲು ಬಿಡಲು ಜಾಗ ಹುಡುಕುತ್ತದೆ. ಹುಳು ಹಣ್ಣಾಯಿತು ಎನ್ನುತ್ತಾರೆ. ಆಗ ಅವನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಆಳೆತ್ತರದ ಬಿದಿರಿನ ತಟ್ಟಿ, ಮೇಲೆ ಸುರುಳಿ ಸುರುಳಿಯಾಗಿ ನಿಲ್ಲಿಸಿದ ಬಿದಿರಿನ ಪಟ್ಟಿ, ಅದೇ ಚಂದ್ರಿಕೆ. ತಡವಾದರೆ ಹುಳು ಕಸಕಡ್ಡಿಯ ಮೇಲೆಲ್ಲ ನೂಲು ಚೆಲ್ಲಿ ಬೆಳೆ ಕೆಡಿಸುತ್ತದೆ. ಅಂಥ ದಿನ ಮನೆಯಲ್ಲಿ ಮದುವೆಯೇ ಇರಲಿ, ಕೈಗಳೆಲ್ಲ ಹುಳುಮನೆಯೊಳಗಿರಬೇಕು. ಎಲ್ಲರಿಗೂ ಸ್ವಂತ ಚಂದ್ರಿಕೆ ಇರುವುದಿಲ್ಲ. ಬಾಡಿಗೆಗೆ ತರುತ್ತಾರೆ. ಹೀಗೆ ಜಾನ್ ಬೀ ಚಿಂತಾಮಣಿಯಿಂದ ಗೌರಿಬಿದನೂರಿನ ನಗರಗೆರೆವರೆಗೆ ನೂರಾರು ಮನೆಗಳ ಬಾಗಿಲಿಗೆ, ಅವು ತೀರಾ ಗಡಿಬಿಡಿಯಲ್ಲಿರುವ ದಿನವೇ ಹೋಗಿ ನಿಲ್ಲುತ್ತಾಳೆ.

ನಾಯಿಗಳು ಬಂದದ್ದು ಸ್ಕಂದಗಿರಿಯ ಕಡೆಯಿಂದ. ಬೆಂಗಳೂರಿನ ಕಾರುಗಳು ನಸುಕಿನಲ್ಲಿ ಬೆಟ್ಟದ ಬುಡಕ್ಕೆ ಬರುತ್ತವೆ. ಬಂದವರಲ್ಲಿ ಬಹುಪಾಲು ಜನ ಮೋಡ ನೋಡಿ ಹೋಗುತ್ತಾರೆ. ಕೆಲವರು ಮಾತ್ರ, ಮರಿಯಿದ್ದಾಗ ಮುದ್ದಾಗಿದ್ದು ಆಮೇಲೆ ಸೋಫಾಕ್ಕಿಂತ ದೊಡ್ಡದಾಗಿಬಿಟ್ಟ ನಾಯಿಯನ್ನು ಇಳಿಸಿ, ಅದು ಹಿಂದಿರುಗಿ ನೋಡುವಷ್ಟರಲ್ಲಿ ಕಾರು ತಿರುಗಿಸುತ್ತಾರೆ. ಅಲ್ಲಿನ ಹಳ್ಳಿಗಳಿಗೆ ಚಂದ್ರಿಕೆ ಹಾಕಲು ಹೋದಾಗ ಜಾನ್ ಬೀ ಅಂಥದ್ದೊಂದನ್ನು ಗಾಡಿಗೆ ಹತ್ತಿಸಿಕೊಂಡು ಬಂದಳು. ಕಲಂದರ್ ಅಂದು ಶಿಡ್ಲಘಟ್ಟದವರೆಗೂ ಕತ್ತು ತಿರುಗಿಸದೆ ಗಾಡಿ ಓಡಿಸಿದ. ಆಮೇಲೆ ಇನ್ನೊಂದು ಬಂತು, ಮತ್ತೊಂದು ಬಂತು. ಮನೆಯೊಳಗೆ ಬಿಡಲಿಲ್ಲ. ಊರಾಚೆ ಚಂದ್ರಿಕೆ ಪೇರಿಸುವ ಹಳೇ ಶೆಡ್ಡೇ ಅವುಗಳ ಬಿಡಾರವಾಯಿತು. ಅಲ್ಲಿ ಗೂಟದ ಮೇಲೆ ಕಲಂದರನ ಹರಿದ ಅಂಗಿಯೊಂದಿದೆ, ಗಾಡಿ ಹೊರಟರೆ ಅದೂ ಜೊತೆಗೆ ಹೊರಡುತ್ತದೆ. ನಾಯಿ ಮುಟ್ಟುವ ಮುನ್ನ ಬಟ್ಟೆಯ ಮೇಲೆ ಅದನ್ನು ತೊಡುತ್ತಾಳೆ. ಮುಗಿದ ಮೇಲೆ ಬಿಚ್ಚಿ, ಕೈಕಾಲು ತೊಳೆದು, ಮನೆಗೆ ಹೋಗಿ ಸ್ನಾನ ಮಾಡಿ ನಮಾಜಿಗೆ ನಿಲ್ಲುತ್ತಾಳೆ. ನಾದಿನಿ ಆಸ್ಮಾ ಒಮ್ಮೆ, “ಭಾಬಿ, ನಮ್ಮಂಥೋರಿಗೆ ಇದೆಲ್ಲ ಸರೀನಾ?” ಎಂದು ತಕರಾರೆತ್ತಿದ್ದಳು. “ಹಸಿದಿದ್ದಕ್ಕೆ ಹಾಕೋದು ಸರಿ. ಮೈಗೆ ಅಂಟಿದ್ದಕ್ಕೆ ನೀರಿದೆ,” ಎಂದು ಜಾನ್ ಬೀ ಬಕೆಟ್ಟು ಎತ್ತಿಕೊಂಡು ಹೋಗಿದ್ದಳು.

ದೊಡ್ಡ ನಾಯಿಗೆ ಮನೆ ಹುಡುಕುವುದು ಸುಲಭವಲ್ಲ. ಬೇಡ ಎನ್ನುವವರು ಹೆದರುತ್ತಾರೆ. ಬೇಕು ಎನ್ನುವವರು ಬೇರೆಯವರನ್ನು ಹೆದರಿಸಲು ಕೇಳುತ್ತಾರೆ. ಗೌರಿಬಿದನೂರಿನ ಒಬ್ಬರು, ಹೊಸ ಮನೆಯ ಗೇಟಿನ ಸಿಂಹಗಳಿಗೆ ಸರಿಹೊಂದುವಂಥ ನಾಯಿ ಬೇಕೆಂದು ಬಂದಿದ್ದರು. “ಮೂರನೇ ಸಿಂಹ ಮಾಡಿಸ್ಕೊಳ್ಳಿ ಸಾರ್, ಊಟ ಹಾಕೋದು ತಪ್ತದೆ,” ಎಂದು ಕಳಿಸಿದಳು. ಜಾನ್ ಬೀಯ ಪರೀಕ್ಷೆ ಬೇರೆ. ಹುಳು ಹಣ್ಣಾದ ದಿನ ಆ ಮನೆಯ ಗಂಡ ಹೆಂಡತಿಯ ಜೊತೆ ಹೇಗೆ ಮಾತಾಡುತ್ತಾನೆ, ಆ ಗಡಿಬಿಡಿಯಲ್ಲೂ ಹಸುವಿನ ಮುಂದೆ ನೀರು ಇದೆಯೇ ಎಂದು ನೋಡುತ್ತಾಳೆ. “ಅವತ್ತು ಹಸೂಗೆ ನೀರಿಟ್ಟೋರು ಯಾವತ್ತೂ ನಾಯಿಗೂ ಇಡ್ತಾರೆ.” ಅಷ್ಟೇ ಆಕೆಯ ಶಾಸ್ತ್ರ.

ಈ ಶಾಸ್ತ್ರಕ್ಕೆ ಹೊಂದುವ ಮನೆ ತಿಂಗಳುಗಟ್ಟಲೆ ಸಿಗದೆ ಉಳಿದವನು ಛೋಟು. ಬೆಂಗಳೂರಿನವರು ಅವನಿಗೆ ಏನು ಹೆಸರಿಟ್ಟಿದ್ದರೋ ಗೊತ್ತಿಲ್ಲ. ನಿಂತರೆ ಜಾನ್ ಬೀಯ ಎದೆಮಟ್ಟ, ಹಳದಿ ಮೈಮೇಲೆ ಕರಿ ಪಟ್ಟೆ. ಇಂಥವನನ್ನು ಯಾರು ಒಯ್ಯುತ್ತಾರೆ, ಹೆಸರಲ್ಲಾದರೂ ಚಿಕ್ಕದಾಗಿರಲಿ ಎಂದು ಆಕೆ ಛೋಟು ಎಂದಳು. ಬೊಗಳುವುದು ಅವನಿಗೆ ತಿಳಿಯದು. ಬೈಕಿನ ಸದ್ದಿಗೆ, ಸ್ಟೀಲ್ ತಟ್ಟೆ ಬಿದ್ದರೆ, ಒಮ್ಮೆ ಒಂದು ಹೇಟೆ ಕೋಳಿ ಎದುರಾದದ್ದಕ್ಕೂ ಹೆದರಿ, ಶೆಡ್ಡಿನ ಗೋಡೆಗೊರಗಿಸಿದ್ದ ಮುರುಕು ಚಂದ್ರಿಕೆಯ ಹಿಂದೆ ತೂರಿಕೊಂಡುಬಿಡುತ್ತಿದ್ದ. ಮೂಗು ಮತ್ತು ಬಾಲ ಎರಡೂ ಕಡೆ ಹೊರಗಿರುತ್ತಿದ್ದವು. ಆದರೆ ತಾನು ಯಾರಿಗೂ ಕಾಣುತ್ತಿಲ್ಲವೆಂದು ಅವನಿಗೆ ಪೂರ್ಣ ಭರವಸೆ. ಇಂಥ ಭರವಸೆ ಸಾರ್ವಜನಿಕ ಜೀವನದಲ್ಲಿರುವ ಅನೇಕರಿಗೂ ಇದೆ.

ಕೊನೆಗೆ ಅಂಬಾಜಿದುರ್ಗದ ತಪ್ಪಲಿನ ಆವಲಪ್ಪನ ಹೆಂಡತಿ ರಾಮಲಕ್ಷ್ಮಮ್ಮ ಅವನನ್ನು ಒಪ್ಪಿಕೊಂಡಳು. ಹಿಂದಿನ ಬೆಳೆಗೆ ಚಂದ್ರಿಕೆ ಇಳಿಸಲು ಹೋದಾಗ ಗಾಡಿಯಲ್ಲಿದ್ದವನನ್ನು ಕಂಡು, ಒಂದು ರಾಗಿಮುದ್ದೆ ತಂದು ಕೈಯಲ್ಲೇ ಹಿಡಿದಳು. ಛೋಟು ಅದನ್ನು, ಹೊಸ ಸೊಸೆ ಲಡ್ಡು ತಿಂದಂತೆ, ತುದಿಹಲ್ಲಲ್ಲಿ ತಿಂದ. ತೋಟಕ್ಕೆ ಹಂದಿ ಬರುತ್ತವೆ, ಇರಲಿ ಎಂದು ಆವಲಪ್ಪ ಅರೆಮನಸ್ಸಿನಲ್ಲಿ ಹೂಂಗುಟ್ಟಿದ. ಹೊರಡುವಾಗ ಜಾನ್ ಬೀ ಆ ಮುರುಕು ಚಂದ್ರಿಕೆಯನ್ನೂ ಅಲ್ಲೇ ಬಿಟ್ಟುಬಂದಳು. “ವರದಕ್ಷಿಣೆ,” ಎಂದಳು.

ಈಗ ಆವಲಪ್ಪನ ಮನೆಯಲ್ಲಿ ಮುಂದಿನ ಬೆಳೆ ಹಣ್ಣಾಗಿತ್ತು. ತೊಳೆದು ಒಣಗಿಸಿದ ಚಂದ್ರಿಕೆಗಳನ್ನು ಹೇರಿಕೊಂಡು ಗಂಡ ಹೆಂಡತಿ ಚಿಂತಾಮಣಿ ದಾಟಿದ್ದರು. ಬೆಳಗಿನ ಬಿಸಿಲು ಏರುತ್ತಿತ್ತು. ಆಗ ಕಲಂದರನ ಮೊಬೈಲು ರಿಂಗಾಯಿತು. ಜಾನ್ ಬೀ ಎತ್ತಿದಳು.

“ಜಾನಕ್ಕಾ, ಎಲ್ಲಿದ್ದೀರಾ?” ಆವಲಪ್ಪನ ದನಿ ಏದುತ್ತಿತ್ತು.

“ಬಂದ್ವಿ ಆವಲಪ್ಪ, ಇನ್ನೇನು ಗೇಟು ಸಿಕ್ತದೆ. ಚಂದ್ರಿಕೆ ಎಲ್ಲಾ ತಂದಿದೀವಿ.”

“ಚಂದ್ರಿಕೆ ಇರ್ಲಿ. ನಿಮ್ಮ ಛೋಟು ಹಗ್ಗ ಕಿತ್ಕೊಂಡು ಹೋಗವ್ನೆ. ಎರಡು ದಿನದಿಂದ ಅವನ ಆಟವೇ ಬೇರೆ, ಮಲಗ್ತಿರ್ಲಿಲ್ಲ, ಗೋಡೆ ಮೂಸ್ತಾ ತಿರುಗ್ತಿದ್ದ. ಬೆಳಗ್ಗೆ ಪಕ್ಕದ ತೋಟದಲ್ಲಿ ಔಷಧಿ ಹೊಡೆಯೋ ಮಿಷಿನ್ನು ಶುರು ಮಾಡಿದ್ರು, ಅಷ್ಟೇ. ಈಗ ಗುಡ್ಡದ ಕಡೆ ಚಿರತೆ ಚಿರತೆ ಅಂತ ಊರೆಲ್ಲ ದೊಣ್ಣೆ ಹಿಡ್ಕೊಂಡು ಓಡ್ತಾ ಅವ್ರೆ. ನಂಗ್ಯಾಕೋ ಅದು ಇವನೇ ಅನ್ನಿಸ್ತದೆ.”

“ನೀನು ಹೋಗಿ ಹೇಳ್ಬಾರ್ದಾ?”

“ಹೆಂಗೆ ಹೋಗ್ಲಿ ಅಕ್ಕಾ? ಹುಳ ತಲೆ ಎತ್ಕೊಂಡು ನಿಂತವೆ. ನಾವಿರೋರೇ ಇಬ್ರು. ಎಷ್ಟು ಫೋನ್ ಮಾಡಿದ್ರೂ ಅಲ್ಲಿರೋರು ಎತ್ತಲ್ಲ, ಎಲ್ಲಾ ವಿಡಿಯೋ ತೆಗೀತಾ ಅವ್ರೆ.”

ಟೆಂಪೋ, ಗೇಟು ಎಂದು ಕರೆಯುವ ಕವಲಿಗೆ ಬಂತು. ಅಲ್ಲಿ ದಾರಿ ಒಡೆಯುತ್ತದೆ: ಎಡಕ್ಕೆ ಆವಲಪ್ಪನ ತೋಟ, ಬಲಕ್ಕೆ ಗುಡ್ಡ. ಕಲಂದರ್ ಬ್ರೇಕ್ ಒತ್ತಿ ಹೆಂಡತಿಯ ಮುಖ ನೋಡಿದ. ದಿಕ್ಕು ಹೇಳುವುದು ಆಕೆಯ ಕೆಲಸ. ಜಾನ್ ಬೀ ಆವತ್ತು ಮೊದಲ ಸಲ ಸುಮ್ಮನೆ ಕೂತಿದ್ದಳು. ಎಡಕ್ಕೆ ಹೋದರೆ ಛೋಟುವಿನ ಕಥೆ ಮುಗಿಯಿತು. ಬಲಕ್ಕೆ ಹೋದರೆ ಒಂದು ಮನೆಯ ಬೆಳೆ ಕೆಟ್ಟಿತು. ಬೆಳೆ ಕೆಡಿಸಿದ ನಾಯಿಯನ್ನು ಆ ಮನೆ ಮತ್ತೆ ಸೇರಿಸುವುದೇ? ಆ ಮನೆಯೇನು, ಸುದ್ದಿ ಹಬ್ಬಿದ ಮೇಲೆ ತಾಲ್ಲೂಕಿನಲ್ಲಿ ಯಾವ ಮನೆಯೂ ಅವಳ ನಾಯಿಗೆ ಬಾಗಿಲು ತೆರೆಯದು.

ಫೋನಿನಲ್ಲಿ ಈಗ ರಾಮಲಕ್ಷ್ಮಮ್ಮನ ದನಿ.

“ಅಕ್ಕಾ, ಗೇಟ್ ಹತ್ರ ಇದ್ದೀರಾ? ಬಲಕ್ಕೆ ಹೋಗಿ. ಹುಳಾನ ಒಣ ಕಡ್ಡಿ ಹಾಕಿ ಇನ್ನೊಂದು ಗಳಿಗೆ ಹೆಂಗೋ ತಡಿಸ್ತೀನಿ. ಕಲ್ಲೇಟನ್ನ ಅವನು ತಡೀತಾನಾ?”

ಹಿಂದಿನಿಂದ ಆವಲಪ್ಪನ ಗೊಣಗಾಟವೂ ಕೇಳಿಸಿತು: “ಸಿಕ್ಕಿದ್ರೆ ಹಂಗೇ ಶಿಡ್ಲಘಟ್ಟಕ್ಕೆ ಹೊಡ್ಕೊಂಡು ಹೋಗಕ್ಕೆ ಹೇಳು. ನಂಗೆ ಆ ನಾಯಿ ಸಾವಾಸ ಸಾಕು.”

ಫೋನು ಕಟ್ಟಾಯಿತು. “ಬಲಕ್ಕೆ,” ಎಂದಳು ಜಾನ್ ಬೀ.

ಸ್ವಲ್ಪ ದೂರ ಹೋದ ಮೇಲೆ ಕಲಂದರ್ ಕೆಮ್ಮಿದ. “ಒಂದು ಮಾತು ಹೇಳ್ಬೇಕಿತ್ತು.”

“ಹೇಳಿ.”

“ಮೊನ್ನೆ ನಾನೊಬ್ನೇ ಬಂದು ಇವರ ಮನೆ ಚಂದ್ರಿಕೆ ತೊಳೆಯಕ್ಕೆ ತಂದೆನಲ್ಲ. ಆ ಮುರುಕು ಚಂದ್ರಿಕೇನೂ ತಂದ್ಬಿಟ್ಟೆ. ಒಂದೂ ಬಿಡ್ಬಾರ್ದು ಅಂತ ನೀನೇ ಹೇಳ್ತಿರ್ತೀಯಲ್ಲ. ನಾಯಿ ಅದರ ಹಿಂದೆ ಮಲಗಿತ್ತು. ನಾನು ಎಳೆದಾಗ ನನ್ನ ಒಂದು ಥರಾ ನೋಡ್ತು.”

ಜಾನ್ ಬೀ ಉರ್ದುವಿನಲ್ಲಿ ಆತನಿಗೆ ಏನಂದಳೆಂಬುದು ಇಲ್ಲಿ ಬೇಡ. ಕನ್ನಡದಲ್ಲಿ ಅಂದದ್ದು ಇಷ್ಟೇ: “ಅವನ ಮನೇನೇ ಕಿತ್ಕೊಂಡು ಬಂದ್ರಲ್ಲರೀ.”

ಗುಡ್ಡದ ಬುಡದಲ್ಲಿ ನೂರು ಜನ ಸೇರಿದ್ದರು. ದೊಣ್ಣೆ, ಕುಡುಗೋಲು, ಕಲ್ಲು, ಅವೆಲ್ಲಕ್ಕಿಂತ ಹೆಚ್ಚಾಗಿ ಮೊಬೈಲು. ನಡುವೆ ಬಿಳಿ ಅಂಗಿ, ಕಪ್ಪು ಕನ್ನಡಕ, ಕೊರಳಲ್ಲಿ ಸೀಟಿ ಧರಿಸಿದ ರಮೇಶ್‌ಬಾಬು ನಿಂತಿದ್ದರು. ಐವತ್ತೆರಡರ ಪ್ರಾಯದ ಈ ಯುವ ನಾಯಕರು ಒಂದು ಸಲ ತಾಲ್ಲೂಕು ಪಂಚಾಯಿತಿಗೆ ನಿಂತು ಸೋತಿದ್ದರು. ಸೋತದ್ದನ್ನು ಮತದಾರರು ಮರೆತರೂ ಅವರು ಫ್ಲೆಕ್ಸು ಹಾಕಿಸುವುದನ್ನು ಮರೆತಿರಲಿಲ್ಲ. ಚಿರತೆಯ ಸುದ್ದಿಯನ್ನು ಅವರು ಅರಣ್ಯ ಇಲಾಖೆಗೆ ತಿಳಿಸಿದ್ದರು, ತಮ್ಮ ವಾಟ್ಸಾಪ್ ಗುಂಪುಗಳಿಗೂ ಹಾಕಿದ್ದರು. ‘ಗಂಡು ಚಿರತೆ, ಭಾರಿ ಗಾತ್ರ, ಸ್ಥಳದಲ್ಲಿ ನಾನಿದ್ದೇನೆ, ಯಾರೂ ಹೆದರಬೇಡಿ’ ಎಂಬುದು ಅದರ ಸಾರಾಂಶ. ಮೇಲೆ, ಎರಡು ಬಂಡೆಗಳ ನಡುವಿನ ಸಂದಿಯಲ್ಲಿ, ಹಳದಿ ಮೈಯೊಂದು ಅಲುಗಾಡುತ್ತಿತ್ತು. ಅದರ ಬೆನ್ನಿಗೆ ಕೆಲಸ ನಿಲ್ಲಿಸಿದ ಹಳೆಯ ಕಲ್ಲುಕ್ವಾರಿ. ಕೆಳಗೆ ಆಳದ ಹಸಿರು ನೀರು.

ಮೇಕೆ ಕಾಯುತ್ತಿದ್ದ ಮುದುಕಿ ಗಂಗುಲಮ್ಮ ಒಂದು ಕಲ್ಲಿನ ಮೇಲೆ ಕೂತು ಬೆಳಗಿನಿಂದ ಒಂದೇ ಮಾತು ಹೇಳುತ್ತಿದ್ದಳು. “ಅದಿ ಕುಕ್ಕ ರಾ ನಾಯನಾ. ನಾಯಿ ಕಣ್ರಪ್ಪಾ ಅದು. ಚಿರತೆ ಆಗಿದ್ರೆ ನನ್ನ ಮೇಕೆ ಹಿಂಗೆ ಮೇಯ್ತಿದ್ವಾ?”

“ಅವ್ವಾ, ನಿಂಗಿನ್ನೂ ಕಣ್ಣಿನ ಆಪರೇಷನ್ ಆಗಿಲ್ಲ, ಸುಮ್ಕಿರು,” ಎಂದು ಯಾರೋ ಅಂದರು.

ಜಾನ್ ಬೀ ಜನರನ್ನು ತಳ್ಳಿಕೊಂಡು ಮುಂದೆ ಹೋದಳು. “ಸಾರ್, ಅದು ನಾಯಿ. ನಮ್ಮದೇ. ಆವಲಪ್ಪನ ಮನೆಗೆ ಕೊಟ್ಟಿದ್ವಿ.”

ರಮೇಶ್‌ಬಾಬು ಕನ್ನಡಕ ಇಳಿಸಿ ನೋಡಿದರು. “ಯಾರಮ್ಮ ನೀನು? ಪಟ್ಟೆ ಕಾಣ್ತಿಲ್ವಾ?”

“ಅಣ್ಣಾ, ಪಟ್ಟೆ ಹುಲೀಗಲ್ವಾ, ಚಿರತೆಗೆ ಚುಕ್ಕಿ,” ಎಂದು ಗುಂಪಿನಲ್ಲೊಬ್ಬ ಅನುಮಾನ ಎತ್ತಿದ.

“ದೂರದಿಂದ ಚುಕ್ಕೀನೇ ಪಟ್ಟೆ ಥರಾ ಕಾಣೋದು,” ಎಂದು ರಮೇಶ್‌ಬಾಬು ಆ ಅನುಮಾನವನ್ನು ಅಲ್ಲೇ ಹೂತರು. “ನಾಯಿ ಆಗಿದ್ರೆ ಇಷ್ಟು ಹೊತ್ತಿಗೆ ಬೊಗಳಬೇಕಿತ್ತು.”

“ಅದು ಬೊಗಳಲ್ಲ ಸಾರ್. ಹೆದರ್ತದೆ.”

“ಹೆದರ್ತದಂತೆ.” ಅವರು ನಗುವಿಗಾಗಿ ಸುತ್ತ ನೋಡಿದರು, ನಾಲ್ಕು ಜನ ನಕ್ಕರು. “ನೋಡಮ್ಮ, ಇಲಾಖೆ ಗಾಡಿ ಬರೋಷ್ಟರಲ್ಲಿ ಅದು ಊರಿಗೆ ನುಗ್ಗಿದ್ರೆ ಜವಾಬ್ದಾರಿ ನಂದು. ಸರಪಟಾಕಿ ಹಚ್ಚಿ ಆ ಕಡೆ ಓಡಿಸ್ತೀವಿ.”

ಹುಟ್ಟುಹಬ್ಬಕ್ಕೆಂದು ಕಾರಿನಲ್ಲಿಟ್ಟಿದ್ದ ಪಟಾಕಿಯ ಸರ ಆಗಲೇ ಒಂದು ಬಂಡೆಯ ಮೇಲೆ ಹಾವಿನಂತೆ ಬಿದ್ದಿತ್ತು. ಆ ಕಡೆ ಎಂದರೆ ಕ್ವಾರಿ. ಮಿಷಿನ್ನಿನ ಸದ್ದಿಗೇ ಹಗ್ಗ ಕಿತ್ತವನು ಈ ಸದ್ದಿಗೆ ಎಲ್ಲಿ ಹಾರುತ್ತಾನೆಂದು ಜಾನ್ ಬೀಗೆ ಯಾರೂ ಹೇಳಬೇಕಿರಲಿಲ್ಲ. ಆಕೆ ಗಾಡಿಯಿಂದ ತಂದಿದ್ದ ಹರಿದ ಅಂಗಿ ತೊಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು ಬಂಡೆ ಹತ್ತತೊಡಗಿದಳು.

“ಏಯ್, ಹೆಣ್ಣುಮಗಳಿಗೆ ಏನಾದ್ರೂ ಆದ್ರೆ ನನ್ನ ಹೆಸರು ಬರ್ತದೆ.”

“ಹೆಸರು ಬರ್ಲಿ ಅಂತ ತಾನೆ ನೀವು ಬಂದಿರೋದು,” ಎಂದಳು ತಿರುಗದೆ.

ಅರ್ಧ ದಾರಿಯಲ್ಲಿ ನಿಂತು ಕರೆದಳು. “ಛೋಟೂ. ಬಾ ಮಗಾ.” ಸಂದಿಯೊಳಗಿನ ಕಿವಿಗಳು ಎದ್ದವು. ಅಷ್ಟರಲ್ಲಿ ಕೆಳಗಿನಿಂದ ಯಾರೋ ಬೀಸಿದ ಕಲ್ಲು ಬಂಡೆಗೆ ಬಡಿದು ಸಿಡಿಯಿತು. ಛೋಟು ಹಿಂದಕ್ಕೆ ಸರಿದ. ಅವನ ಹಿಂಗಾಲಿನಡಿಯಿಂದ ಒಂದು ಜಲ್ಲಿಕಲ್ಲು ಜಾರಿತು. ಬಹಳ ಹೊತ್ತಿನ ಮೇಲೆ ನೀರಿಗೆ ಬಿದ್ದ ಸದ್ದು ಕೇಳಿಸಿತು. ಆಕೆ ಒಂದು ಹೆಜ್ಜೆ ಮುಂದಿಟ್ಟಳು, ಅವನು ಮತ್ತೊಂದು ಹೆಜ್ಜೆ ಹಿಂದಿಟ್ಟ. ತನ್ನ ಪ್ರೀತಿಯೇ ಅವನನ್ನು ಅಂಚಿಗೆ ತಳ್ಳುತ್ತಿದೆ ಎಂದು ತಿಳಿದು ಜಾನ್ ಬೀ ಕಲ್ಲಿನಂತೆ ನಿಂತುಬಿಟ್ಟಳು. ಕರೆದರೆ ಬರುವ ಸ್ಥಿತಿಯಲ್ಲಿ ಅವನಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಮನುಷ್ಯರಲ್ಲ, ಅಡಗಲು ಒಂದು ಜಾಗ.

“ಅಜೀ,” ಎಂದು ಕೂಗಿದಳು. “ಚಂದ್ರಿಕೆ ತನ್ನಿ. ಎರಡು.”

ಟೆಂಪೋದ ಬಳಿ ನಿಂತಿದ್ದ ಕಲಂದರ್ ಎರಡು ಚಂದ್ರಿಕೆಗಳನ್ನು ತಲೆಯ ಮೇಲೆ ಹೊತ್ತು ಬಂಡೆ ಹತ್ತಿದ. ಗುಂಪಿನವರ ಮೊಬೈಲುಗಳು ಅತ್ತ ತಿರುಗಿದವು. ಚಿರತೆ ಹಿಡಿಯಲು ಬೋನು ತರುವುದನ್ನು ಅವರು ನೋಡಿದ್ದರು. ರೇಷ್ಮೆಹುಳು ಹಾಕುವ ತಟ್ಟಿ ತರುವುದನ್ನು ನೋಡಿರಲಿಲ್ಲ. ಒಂದನ್ನು ಅಲ್ಲೇ ಮಲಗಿಸಿ, ಇನ್ನೊಂದನ್ನು ಜಾನ್ ಬೀ ಪಕ್ಕದ ದೊಡ್ಡ ಬಂಡೆಗೆ, ಶೆಡ್ಡಿನಲ್ಲಿ ಒರಗಿಸುತ್ತಿದ್ದಂತೆಯೇ ಓರೆಯಾಗಿ ಒರಗಿಸಿದಳು. ಗಾಳಿ ಅದನ್ನು ಎತ್ತಿ ಒಗೆಯಿತು. ಮತ್ತೆ ಒರಗಿಸಿದಳು.

“ಆ ತುದಿ ನೀವು ಹಿಡೀರಿ. ಈ ತುದಿ ನಾನು.”

“ಆ ತುದಿ ಅದರ ಕಡೆಗಿದೆ,” ಎಂದ ಕಲಂದರ್.

“ಈ ತುದೀಲಿ ಜನ ಕಾಣ್ತಾರೆ, ಅವನು ಬರಲ್ಲ. ಆ ಕಡೆಯಿಂದಾನೇ ಬರ್ಬೇಕು. ಹಿಡೀರಿ.”

ಹಿಡಿದ. ಅವನ ತುದಿಯ ಬಿದಿರು ಬಂಡೆಗೆ ತಗುಲಿ ಕಟಕಟ ಎನ್ನುತ್ತಿತ್ತು. ಇಬ್ಬರೂ ನಾಯಿಯ ಕಡೆ ನೋಡದೆ, ಮಾತಿಲ್ಲದೆ ನಿಂತರು. ಕೆಳಗೆ ಯಾರದೋ ಮೊಬೈಲು ಇದ್ದಕ್ಕಿದ್ದಂತೆ ಡೊಳ್ಳಿನ ಸದ್ದಿನಲ್ಲಿ ಬಡಿದುಕೊಂಡಿತು. ಛೋಟುವಿನ ಬೆನ್ನು ಬಿಲ್ಲಿನಂತೆ ಬಾಗಿತು. ಗಂಗುಲಮ್ಮ ಆ ಮೊಬೈಲಿನವನ ತಲೆಗೆ ಮೇಕೆ ಕೋಲಿನಿಂದ ಒಂದು ಬಿಟ್ಟಳು. ಸದ್ದು ನಿಂತಿತು. ಪಟಾಕಿ ಸರವಿದ್ದ ಬಂಡೆಯ ಪಕ್ಕ ಒಬ್ಬ ಹುಡುಗಾಟದವ ಬೆಂಕಿಪೊಟ್ಟಣ ತೆರೆದಿದ್ದ. ಮುದುಕಿ ಅವನ ಕಡೆಗೂ ಕೋಲೆತ್ತಿದ್ದರಿಂದ ಜೇಬಿಗೆ ಹಾಕಿಕೊಂಡ.

ಮೊದಲು ಒಂದು ಮೂಗು ಬಂತು. ಗಾಳಿಯಲ್ಲಿ ಬಿದಿರಿನ ವಾಸನೆ ಹಿಡಿಯಿತು. ಆಮೇಲೆ ಹೊಟ್ಟೆ ನೆಲಕ್ಕೆ ಒತ್ತಿಕೊಂಡು, ಇಷ್ಟಿಷ್ಟೇ ಇಷ್ಟಿಷ್ಟೇ ತೆವಳಿ, ಆ ಭಾರಿ ಗಾತ್ರದ ಗಂಡು ಚಿರತೆ ಕಲಂದರನ ಕಾಲ ಸಂದಿಯಿಂದಲೇ ಚಂದ್ರಿಕೆಯ ಹಿಂದೆ ತೂರಿಕೊಂಡಿತು. ಎಂದಿನಂತೆ ಬಾಲ ಹೊರಗುಳಿಯಿತು. ತಲೆಯನ್ನು ಕಲಂದರನ ಪಾದದ ಮೇಲಿಟ್ಟು, ಹೊಟ್ಟೆಯೊಳಗಿಂದ ಒಂದು ನಿಟ್ಟುಸಿರು ಬಿಟ್ಟಿತು.

ಕಲಂದರ್ ಕಣ್ಣು ಮುಚ್ಚಿ ಬಾಯಲ್ಲಿ ದುಆ ಪಠಿಸುತ್ತಿದ್ದ. “ಇದೆಯಾ, ಹೋಯ್ತಾ?”

“ಇದೆ. ಅಲ್ಲಾಡ್ಬೇಡಿ.”

“ಈಗ ನಾನೂ ಸ್ನಾನ ಮಾಡ್ಬೇಕು.”

“ಮಾಡಿ. ಏನೂ ಸವೆಯಲ್ಲ,” ಎಂದು ಜಾನ್ ಬೀ ಕೊರಳಿಗೆ ಹಗ್ಗ ಹಾಕಿದಳು.

ಇಳಿಯುವಾಗಲೂ ಚಂದ್ರಿಕೆ ಬೇಕಾಯಿತು. ಗಂಡ ಹೆಂಡತಿ ಎರಡನ್ನೂ ಸೇರಿಸಿ ಪರದೆಯಂತೆ ಜನರ ಕಡೆಗೆ ಹಿಡಿದು ನಡೆದರು. ಹಿಂದೆ ಛೋಟು, ತಾನು ಯಾರಿಗೂ ಕಾಣುತ್ತಿಲ್ಲವೆಂಬ ಸಮಾಧಾನದಲ್ಲಿ ಬಂದ. ರಮೇಶ್‌ಬಾಬು ಅಷ್ಟರಲ್ಲಿ ಮೊಬೈಲಿನ ಮುಂದೆ ನಿಂತಿದ್ದರು: “ಚಿರತೆಯನ್ನು ಹೋಲುವ ಪ್ರಾಣಿಯೊಂದನ್ನು ನಮ್ಮ ನೇತೃತ್ವದಲ್ಲಿ ಯಾವುದೇ ಪ್ರಾಣಹಾನಿಯಿಲ್ಲದೆ...” ಗಂಗುಲಮ್ಮ ಮೇಕೆಗಳನ್ನು ಹೊಡೆದುಕೊಂಡು ಚೌಕಟ್ಟಿನ ಮಧ್ಯದಲ್ಲೇ ಹಾದುಹೋದಳು.

ಜಾನ್ ಬೀಗೆ ನಿಲ್ಲಲು ಪುರುಸೊತ್ತಿರಲಿಲ್ಲ. ಟೆಂಪೋದ ಬಾಗಿಲು ಹಿಡಿದು ಗುಂಪಿನ ಕಡೆ ತಿರುಗಿದಳು. “ಅಣ್ಣಂದಿರಾ, ನೋಡಿದ್ದಾಯ್ತಲ್ಲ. ಆವಲಪ್ಪನ ಮನೇಲಿ ಹುಳ ಹಣ್ಣಾಗಿ ಕಾಯ್ತಾ ಅವೆ. ಚಂದ್ರಿಕೆ ಇನ್ನೂ ನನ್ನ ಗಾಡೀಲೇ ಅವೆ.”

ಚಿರತೆ ಎಂದಾಗ ನಗಾಡಿಕೊಂಡು ಬಂದಿದ್ದವರ ಮುಖ ಈ ಮಾತಿಗೆ ಬದಲಾಯಿತು. ಆ ಸೀಮೆಯಲ್ಲಿ ಚಿರತೆ ವರ್ಷಕ್ಕೊಮ್ಮೆ ಬರುವ ಮನರಂಜನೆ. ಹಣ್ಣಾದ ಹುಳು ಹಾಗಲ್ಲ. “ಇನ್ನೂ ಹಾಕಿಲ್ವಾ?” ಎಂದು ಒಬ್ಬ ದೊಣ್ಣೆ ಬಿಸಾಡಿದ. ಬೈಕುಗಳು ಟೆಂಪೋಗಿಂತ ಮುಂದೆ ಓಡಿದವು. ಜನವಿಲ್ಲದ ಕಡೆ ನಾಯಕರಿಗೆ ಕೆಲಸವಿಲ್ಲವಾದ್ದರಿಂದ ರಮೇಶ್‌ಬಾಬು ಅವರ ಕಾರೂ ಹಿಂದೆಯೇ ಬಂತು.

ಆವಲಪ್ಪನ ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ತೊಟ್ಟಿಯಿತ್ತು. ಎಲ್ಲರೂ ಕೈ ತೊಳೆದು, ಕಾಲು ಅದ್ದಿ ಒಳಗೆ ನುಗ್ಗಿದರು. ರಾಮಲಕ್ಷ್ಮಮ್ಮ ಬೆವರಿನಲ್ಲಿ ಮಿಂದಿದ್ದಳು. ಕೆಲವು ಹುಳು ಕಡ್ಡಿಯ ಮೇಲೆ ಆಗಲೇ ನೂಲು ಶುರು ಮಾಡಿದ್ದವು. ತಲೆಯೆತ್ತದೆ ಕೇಳಿದಳು: “ಬಂದನಾ?”

“ಬಂದ,” ಎಂದಳು ಜಾನ್ ಬೀ ಹೊರಗಿನಿಂದಲೇ. ನಾಯಿ ಮುಟ್ಟಿದ ಕೈ. ಆಕೆ ಒಳಗೆ ಕಾಲಿಡಲಿಲ್ಲ.

ರಾಮಲಕ್ಷ್ಮಮ್ಮ ಮತ್ತೆ ಹುಳು ಆರಿಸತೊಡಗಿದಳು. ಆವಲಪ್ಪ ಹೊರಗೆ ಬಂದು ಚಂದ್ರಿಕೆಗಳನ್ನು ಇಳಿಸಿಕೊಂಡ, ಟೆಂಪೋದ ಮೂಲೆಯಲ್ಲಿ ಮುದುರಿದ್ದ ಛೋಟುವನ್ನು ನೋಡಿಯೂ ನೋಡದಂತೆ. ಇವತ್ತು ಒಂದು ಚೂರು ಬೆಳೆ ಕೆಟ್ಟರೂ ಇವನನ್ನು ಶಿಡ್ಲಘಟ್ಟಕ್ಕೇ ಒಯ್ಯಬೇಕು, ಅಲ್ಲಿಂದ ಇನ್ನೆಲ್ಲಿಗೂ ಇಲ್ಲ, ಎಂದು ಜಾನ್ ಬೀಗೆ ಗೊತ್ತಿತ್ತು. ಗುಡ್ಡಕ್ಕೊಯ್ದ ಎರಡು ಚಂದ್ರಿಕೆಗಳನ್ನು ಬೇರೆಯಾಗಿ ಗೋಡೆಗೊರಗಿಸಿ, “ಇವು ಹುಳಕ್ಕೆ ಬೇಡ,” ಎಂದಷ್ಟೇ ಹೇಳಿ, ಹಸುವಿನ ಕೊಟ್ಟಿಗೆಯ ಕಡೆ ಕಣ್ಣಾಡಿಸಿದಳು. ಬಾನಿಯಲ್ಲಿ ನೀರು ತುಂಬಿತ್ತು. ಪಕ್ಕದಲ್ಲೇ ನಾಯಿಯ ಅಲ್ಯೂಮಿನಿಯಂ ಬೋಗುಣಿಯಲ್ಲೂ ತುಂಬಿತ್ತು. ನಾಯಿ ಇಲ್ಲದ ಬೆಳಗ್ಗೆ, ಹುಳು ತಲೆಯೆತ್ತಿದ ಹೊತ್ತಿನಲ್ಲಿ, ಯಾರು ತುಂಬಿಟ್ಟರು?

ಅಷ್ಟು ಕೈ ಸೇರಿದರೆ ಕೆಲಸ ಎಷ್ಟು ಹೊತ್ತಿನದು? ಬಿಸಿಲು ಇಳಿಯುವಷ್ಟರಲ್ಲಿ ಕೊನೆಯ ಹುಳುವೂ ಚಂದ್ರಿಕೆ ಸೇರಿತು. ಆವಲಪ್ಪ ಒಂದೊಂದು ಚಂದ್ರಿಕೆಯನ್ನೂ ಬಾಗಿ ನೋಡಿ ಹೊರಗೆ ಬಂದ. ಒಳಗಿನಿಂದ ಸುತ್ತಿಗೆ, ಕಟ್ಟುತಂತಿ ತಂದು, ಗೋಡೆಗೊರಗಿಸಿದ್ದ ಆ ಎರಡರಲ್ಲಿ ಒಂದನ್ನು ಸೊಪ್ಪಿನ ಕೋಣೆಯ ಹೊರಗೋಡೆಗೆ ಓರೆಯಾಗಿ ನಿಲ್ಲಿಸಿ, ಮೊಳೆ ಹೊಡೆದು, ತಂತಿ ಸುತ್ತಿ ಬಿಗಿದ.

“ಕಲಂದರಣ್ಣ, ಇದನ್ನ ಮಾತ್ರ ಎತ್ಕೊಂಡು ಹೋದ್ರೆ ನೋಡು,” ಎಂದ.

“ನಾನು ಈ ಕಡೆ ತಿರುಗೂ ನೋಡಲ್ಲ,” ಎಂದ ಕಲಂದರ್.

ಛೋಟು ಟೆಂಪೋದಿಂದ ತಾನೇ ಇಳಿದ. ಒಂದು ಸುತ್ತು ಮೂಸಿದ, ತೂರಿದ, ಬಾಲ ಹೊರಗೆ ಬಿಟ್ಟು ಮಲಗಿದ. ರಾಮಲಕ್ಷ್ಮಮ್ಮ ಮುದ್ದೆ ತಂದು ಇನ್ನೊಂದು ತುದಿಯಲ್ಲಿ ಮೂಗಿನ ಮುಂದೆ ಹಿಡಿದಳು.

ಎಲ್ಲರ ಮುಖದಲ್ಲಿ ದಣಿವಿನ ನಗು ಇತ್ತು. ಒಂದು ಹುಳುವನ್ನೂ ಕೈಗೆ ಮುಟ್ಟಿಸಿಕೊಳ್ಳದೆ, ಬ್ಲೀಚಿಂಗ್ ತೊಟ್ಟಿಯಲ್ಲಿ ಬೂಟುಗಾಲನ್ನು ಮರೆತು ನಿಂತಿದ್ದ ರಮೇಶ್‌ಬಾಬು ಅವರಿಗೆ ಮಾತ್ರ, ಈ ದಿನ ತಮ್ಮದಾಗದೆ ಹೋಯಿತೆಂಬ ಕಸಿವಿಸಿ. ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಕೇಳಿದರು:

“ಅಲ್ಲಮ್ಮ, ಎಂಥೆಂಥಾ ದೊಡ್ಡ ನಾಯಿಗೆಲ್ಲ ಮನೆ ಹುಡುಕ್ತೀಯ ಅಂತಾರೆ. ನಾಳೆ ನಿಜವಾದ ಚಿರತೇನೇ ಸಿಕ್ಕಿದ್ರೆ ಅದನ್ನೂ ಯಾರ ಮನೆಗಾದ್ರೂ ಸಾಕಕ್ಕೆ ಕೊಡ್ತೀಯಾ?”

ಜಾನ್ ಬೀ ಕಲಂದರನ ಹರಿದ ಅಂಗಿ ಬಿಚ್ಚಿ ಮಡಚುತ್ತಿದ್ದಳು.

“ಕೊಡ್ತೀನಿ ಸಾರ್. ನಿಮ್ಮನೆಗೆ ಮಾತ್ರ ಕೊಡಲ್ಲ.”